ತಂದೆಯ ಕಷ್ಟ ಯಾರ ಆಸ್ತಿ?

ಪರಸ್ಥಳದಲ್ಲಿ ನೆಲೆನಿಂತ ನಮ್ಮ ಕುಟುಂಬಗಳಲ್ಲಿ ಹಿರಿಯರೊಬ್ಬರು ಕಾಲವಾದಾಗ, ಕರ್ಮಾಂತರಗಳೆಲ್ಲ ಮುಗಿದು ಬಂಧುಮಿತ್ರರು ಊಟಕ್ಕೆ ಕೂಡುವ ದಿನ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿ ಹಿಡಿದು ಈ ಊರಿಗೆ ಬಂದ ಮನುಷ್ಯ. ಯಾರ ಹಂಗೂ ಇಲ್ಲದೆ ಇಷ್ಟೆಲ್ಲ ಮಾಡಿದರು." ಕೇಳಿದವರು ತಲೆದೂಗುತ್ತಾರೆ. ಮಕ್ಕಳ ಕಣ್ಣು ತುಂಬುತ್ತದೆ. ಆಮೇಲೆ ಗೋಡೆಯ ಮೇಲೆ ಒಂದು ಭಾವಚಿತ್ರ, ಅದಕ್ಕೊಂದು ಗಂಧದ ಹಾರ, ವರ್ಷಕ್ಕೊಮ್ಮೆ ತಿಥಿ. ಇಷ್ಟಕ್ಕೆ ಸ್ಮರಣೆ ಪೂರ್ತಿಯಾಯಿತೆಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ.

ಆದರೆ ಸ್ವಲ್ಪ ನಿಂತು ಯೋಚಿಸಿದರೆ ಕೆಲವು ಪ್ರಶ್ನೆಗಳು ಏಳುತ್ತವೆ. ಹಸಿದದ್ದು ತಂದೆ, ಆ ಹಸಿವಿನ ಕಥೆಯನ್ನು ಅಭಿಮಾನದಿಂದ ಹೇಳಿಕೊಳ್ಳುವವರು ನಾವು. ಅವರು ಬಿಟ್ಟುಹೋದ ಮನೆಯ ಮೇಲೆ ನಮಗೆ ಹಕ್ಕಿದೆ, ಕಾಗದಪತ್ರಗಳೂ ಇವೆ. ಅವರು ಪಟ್ಟ ಕಷ್ಟದ ಮೇಲೂ ನಮಗೆ ಅಂಥದೇ ಹಕ್ಕಿದೆಯೆ? ಇದ್ದರೆ ಅದನ್ನು ಹೇಗೆ ಬಳಸಬೇಕು? ತಂದೆಯನ್ನು ನೆನೆಯುವುದೆಂದರೆ ಹೊಗಳುವುದೆ, ಅನುಕರಿಸುವುದೆ, ಅಥವಾ ಇನ್ನೇನಾದರೂ ಇದೆಯೆ? ಹೊರನಾಡ ಕನ್ನಡಿಗರಾದ ನಮಗೆ ಇದು ಬರಿಯ ತರ್ಕದ ವಿಷಯವಲ್ಲ. ಮೊದಲು ವಲಸೆ ಬಂದ ತಲೆಮಾರು ನಮ್ಮ ಕಣ್ಣೆದುರಿಗೇ ಒಬ್ಬೊಬ್ಬರಾಗಿ ಮರೆಯಾಗುತ್ತಿದೆ.

ಈ ಪ್ರಶ್ನೆಯನ್ನು ನಮ್ಮ ನಮ್ಮ ಮನೆಯ ಕಥೆಗಳಿಂದಲೇ ಬಿಡಿಸಹೊರಟರೆ ಮಮತೆ ಅಡ್ಡ ಬರುತ್ತದೆ. ಆದ್ದರಿಂದ ಲೋಕಕ್ಕೆಲ್ಲ ತಿಳಿದ, ಆದರೆ ನಮ್ಮ ಈ ಅವಳಿ ನಗರಕ್ಕೂ ಸಂಬಂಧವಿರುವ ಒಬ್ಬ ತಂದೆಯ ಬದುಕನ್ನು ಮುಂದಿಟ್ಟುಕೊಳ್ಳೋಣ. ಅವರು 2021ರ ಜೂನ್ 18ರಂದು ತೀರಿಕೊಂಡ ಮಿಲ್ಖಾ ಸಿಂಗ್. ನಿರಾಶ್ರಿತರಾಗಿ ಬಂದವರು, ಸೈನಿಕರು, ಓಟಗಾರರು, ನಾಲ್ಕು ಮಕ್ಕಳ ತಂದೆ. ಪಂಜಾಬಿಗಳಾದರೂ ಅವರ ಓಟ ಶುರುವಾದದ್ದು ನಮ್ಮ ಸಿಕಂದರಾಬಾದಿನಲ್ಲಿ.

ಇಂದು ಪಾಕಿಸ್ತಾನದ ಮುಜಫ್ಫರಗಢ ಜಿಲ್ಲೆಯಲ್ಲಿರುವ ಗೋವಿಂದಪುರ ಅವರ ಹುಟ್ಟೂರು. 1947ರ ದೇಶವಿಭಜನೆಯ ದಂಗೆಯಲ್ಲಿ ತಂದೆತಾಯಿಗಳನ್ನೂ ಒಡಹುಟ್ಟಿದವರಲ್ಲಿ ಕೆಲವರನ್ನೂ ಕಳೆದುಕೊಂಡು, ಪ್ರಾಣ ಉಳಿಸಿಕೊಂಡು ದೆಹಲಿಗೆ ಬಂದ ಹುಡುಗ. ಹಳೆಯ ಕೋಟೆಯ ನಿರಾಶ್ರಿತರ ಶಿಬಿರ, ಆಮೇಲೆ ಶಾಹದರಾ ಕಾಲೊನಿ. ಟಿಕೇಟಿಲ್ಲದೆ ರೈಲು ಹತ್ತಿ ಸಿಕ್ಕಿಬಿದ್ದು ತಿಹಾರ ಜೈಲು ಸೇರಿದ್ದೂ ಉಂಟು. ಅಕ್ಕ ತನ್ನ ಒಡವೆ ಮಾರಿ ತಮ್ಮನನ್ನು ಬಿಡಿಸಿಕೊಂಡು ಬಂದಳು. ಅಣ್ಣ ಮಲ್ಖಾನ್ ಸಿಂಗ್ ಸೈನ್ಯಕ್ಕೆ ಸೇರೆಂದು ಬುದ್ಧಿ ಹೇಳಿದ. ಮೂರು ಸಲ ತಿರಸ್ಕೃತನಾದ ಹುಡುಗ ನಾಲ್ಕನೆಯ ಪ್ರಯತ್ನದಲ್ಲಿ ಆಯ್ಕೆಯಾಗಿ, 1950ರ ದಶಕದ ಆರಂಭದಲ್ಲಿ ಸಿಕಂದರಾಬಾದಿನ ಇ.ಎಂ.ಇ. ಕೇಂದ್ರಕ್ಕೆ, ಅಂದರೆ ಸೈನ್ಯದ ವಿದ್ಯುತ್ ಮತ್ತು ಯಾಂತ್ರಿಕ ವಿಭಾಗದ ತರಬೇತಿ ಕೇಂದ್ರಕ್ಕೆ ಬಂದು ಇಳಿದ.

ಅಲ್ಲಿ ಹೊಸದಾಗಿ ಸೇರಿದವರೆಲ್ಲರಿಗೂ ಕಡ್ಡಾಯವಾಗಿ ದೂರದ ಓಟದ ಪರೀಕ್ಷೆಯಿತ್ತು. ದೂರದ ಹಳ್ಳಿಯಿಂದ ಬಂದ ತನಗೆ ಓಟವೆಂಬ ಆಟವಿದೆಯೆಂದಾಗಲಿ, ಒಲಿಂಪಿಕ್ಸ್ ಎಂದರೇನೆಂದಾಗಲಿ ಗೊತ್ತಿರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಚೆನ್ನಾಗಿ ಓಡಿದವರಿಗೆ ದಿನವೂ ಒಂದು ಲೋಟ ಹಾಲು ಹೆಚ್ಚು ಸಿಗುತ್ತಿತ್ತು. ಆ ಹಾಲಿಗಾಗಿ ಓಡಿದೆನೆಂದು ಹೇಳಲು ಅವರು ನಾಚಲಿಲ್ಲ. ದೇಶಕ್ಕಾಗಿ ಓಡಿದೆ ಎಂದಿದ್ದರೆ ಕೇಳುವವರಿಗೆ ಇನ್ನೂ ಹಿತವಾಗಿರುತ್ತಿತ್ತು. ದೇಶ ಆಮೇಲೆ ಬಂತು. ಮೊದಲು ಬಂದದ್ದು ಹೊಟ್ಟೆ. ನಮ್ಮ ತಂದೆಯರ ವಲಸೆಯೂ ಬಹುಮಟ್ಟಿಗೆ ಹೀಗೆಯೇ ಅಲ್ಲವೆ? ಉಡುಪಿಯ ಕಡೆಯಿಂದ ಹೋಟೆಲು ಕೆಲಸಕ್ಕೆ ಬಂದವರು, ಧಾರವಾಡ, ಮೈಸೂರುಗಳಿಂದ ಕಾರ್ಖಾನೆ, ಬ್ಯಾಂಕು, ಸರಕಾರಿ ಪ್ರಯೋಗಾಲಯಗಳ ನೌಕರಿಗೆ ಬಂದವರು, ಸಿಪಾಯಿಯಾಗಿ ದಂಡಿಗೆ ಬಂದವರು, ಇವರಲ್ಲಿ ಯಾರೂ ಆದರ್ಶವೊಂದನ್ನು ಕೈಯಲ್ಲಿ ಹಿಡಿದು ರೈಲಿಳಿಯಲಿಲ್ಲ. ಸಂಬಳದಲ್ಲಿ ಇಷ್ಟು ಊರಿಗೆ ಕಳಿಸಬೇಕೆಂಬ ಲೆಕ್ಕವನ್ನು ಹಿಡಿದು ಇಳಿದರು. ಇನ್ನು ಬೀದರ, ಗುಲಬರ್ಗಾ, ರಾಯಚೂರುಗಳಿಂದ ಹೈದರಾಬಾದಿಗೆ ಬಂದವರ ಕಥೆ ಬೇರೆ. ನಿಜಾಮರ ಕಾಲದಲ್ಲಿ ಅವರು ಬಂದದ್ದು ತಮ್ಮದೇ ರಾಜಧಾನಿಗೆ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾದಾಗ, ಕಾಚಿಗುಡಾದ ಅದೇ ಮನೆಯಲ್ಲಿ ಕುಳಿತಿದ್ದಂತೆಯೇ ಅವರು ಹೊರನಾಡಿಗರಾದರು.

ಹೀಗೆ ಹೊಟ್ಟೆಪಾಡಿನಿಂದ ಆರಂಭವಾದದ್ದು ಎಲ್ಲಿಗೆ ಮುಟ್ಟಿತೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. 1958ರಲ್ಲಿ ಟೋಕಿಯೋ ಏಷ್ಯನ್ ಕ್ರೀಡೆಗಳಲ್ಲಿ 200 ಮತ್ತು 400 ಮೀಟರ್ ಎರಡರಲ್ಲೂ ಚಿನ್ನ. ಅದೇ ವರ್ಷ ಕಾರ್ಡಿಫ್‌ನಲ್ಲಿ 440 ಗಜದ ಓಟವನ್ನು 46.6 ಸೆಕೆಂಡುಗಳಲ್ಲಿ ಮುಗಿಸಿ ಕಾಮನ್‌ವೆಲ್ತ್ ಚಿನ್ನ. 1962ರಲ್ಲಿ ಜಕಾರ್ತಾದಲ್ಲಿ ಮತ್ತೆರಡು ಚಿನ್ನ. ಇವುಗಳ ನಡುವೆ 1960ರ ರೋಮ್ ಒಲಿಂಪಿಕ್ಸಿನ ಸೋಲು. 400 ಮೀಟರಿನ ಅಂತಿಮ ಓಟದಲ್ಲಿ ಬಿರುಸಾಗಿ ಆರಂಭಿಸಿ, 250 ಮೀಟರಿನ ಸುಮಾರಿಗೆ ಈ ವೇಗ ಕೊನೆಯತನಕ ನಿಲ್ಲಲಾರದೆಂದು ಭಾವಿಸಿ ಸ್ವಲ್ಪ ನಿಧಾನಿಸಿದರು. ಆ ಸ್ವಲ್ಪವೇ ಮುಳುವಾಯಿತು. ಕೈಗಡಿಯಾರದ ಎಣಿಕೆಯಲ್ಲಿ ಮೂರನೆಯವನಿಗೆ 45.5 ಸೆಕೆಂಡು, ಮಿಲ್ಖಾಗೆ 45.6. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಪದಕ ತಪ್ಪಿತು. ಆ ಓಟದ ಕಾಲ ಮಾತ್ರ ಭಾರತೀಯ ದಾಖಲೆಯಾಗಿ 1998ರವರೆಗೂ ಉಳಿದುಕೊಂಡಿತು.

ಇಲ್ಲಿ ನಾವು ಗಮನಿಸಬೇಕಾದ ವಿಷಯವೊಂದಿದೆ. ಮಿಲ್ಖಾ ಸಿಂಗರು ತಮ್ಮ ಗೆಲುವುಗಳಿಗಿಂತ ಹೆಚ್ಚಾಗಿ ಈ ನಾಲ್ಕನೆಯ ಸ್ಥಾನದ ಬಗ್ಗೆಯೇ ಜೀವಮಾನವೆಲ್ಲ ಮಾತನಾಡಿದರು. ಬೂಟು ಸರಿಯಿರಲಿಲ್ಲ, ಮೈದಾನ ಸರಿಯಿರಲಿಲ್ಲ ಎನ್ನದೆ, ಲೆಕ್ಕ ತಪ್ಪಿದ್ದು ತಾನೇ ಎಂದರು. ಓಟಗಾರನಿಗೆ ಈ ಪ್ರಾಮಾಣಿಕತೆ ಬರುವುದು ಬಹುಶಃ ಗಡಿಯಾರದ ಸಹವಾಸದಿಂದ. ಅದು ಯಾರ ಮುಲಾಜಿಗೂ ಒಳಗಾಗದ ಸಾಕ್ಷಿ. ಆದರೆ ನಮ್ಮ ಮನೆಗಳಲ್ಲಿ ಗಡಿಯಾರ ಹಿಡಿದು ನಿಂತವರಿಲ್ಲ. ಆದ್ದರಿಂದ ತೀರಿಕೊಂಡ ತಂದೆ ವರ್ಷ ವರ್ಷಕ್ಕೂ ಇನ್ನಷ್ಟು ನಿರ್ದೋಷಿಯಾಗುತ್ತ ಹೋಗುತ್ತಾರೆ. ಅವರ ಸಿಟ್ಟು, ಹಟ, ಸಾಲ, ಕೈಹಿಡಿಯದ ವ್ಯಾಪಾರ, ತಪ್ಪಿಹೋದ ಬಡ್ತಿ, ಇವೆಲ್ಲ ಕಥೆಯಿಂದ ಸದ್ದಿಲ್ಲದೆ ಜಾರಿಹೋಗುತ್ತವೆ. ಉಳಿಯುವುದು ಗಂಧದ ಹಾರದೊಳಗಿನ ಮುಖ ಮಾತ್ರ.

ತಂದೆಯ ಕುಂದನ್ನು ನೆನೆಯುವುದು ಪಿತೃದ್ರೋಹವೆಂದು ಕೆಲವರು ಅಂದಾರು. ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಕಠೋಪನಿಷತ್ತಿನ ನಚಿಕೇತ ತಂದೆ ದಾನಕ್ಕೆ ನಿಲ್ಲಿಸಿದ ಬಡಕಲು ಹಸುಗಳನ್ನು ಕಂಡು ಸುಮ್ಮನಿರಲಿಲ್ಲ. ಪ್ರಶ್ನಿಸಿದ. ತಂದೆಯ ಸಿಟ್ಟಿಗೂ ಗುರಿಯಾದ. ಆದರೂ ಯಮನಲ್ಲಿ ಅವನು ಬೇಡಿದ ಮೊದಲನೆಯ ವರ ತಂದೆಯ ಮನಸ್ಸು ಶಾಂತವಾಗಲಿ ಎಂಬುದೇ. ಕಣ್ಣು ತೆರೆದು ನೋಡುವುದು, ಪ್ರೀತಿಯನ್ನು ಬಿಡದಿರುವುದು, ಇವೆರಡೂ ಒಬ್ಬ ಮಗನಲ್ಲಿ ಒಟ್ಟಿಗೆ ಇರಬಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಅಲ್ಲದೆ, ಸೋಲೇ ಕಾಣದ ತಂದೆಯ ಕಥೆಯಿಂದ ಮಕ್ಕಳಿಗೆ ಏನು ಪ್ರಯೋಜನ? ನಾಳೆ ತಾವು ಸೋತಾಗ ಅವರು ಯಾರನ್ನು ನೆನೆಯಬೇಕು?

ಸೈನ್ಯದಿಂದ ಬಂದ ತಂದೆಯರಲ್ಲಿ ಮತ್ತೊಂದು ಗುಣವುಂಟು, ಅದು ಮೌನ. ಕಂಡದ್ದನ್ನೆಲ್ಲ ಅವರು ಹೇಳುವುದಿಲ್ಲ. 1960ರಲ್ಲಿ ಲಾಹೋರಿನ ಓಟಕ್ಕೆ ಕರೆ ಬಂದಾಗ ಮಿಲ್ಖಾ ಸಿಂಗರು ಹೋಗಲು ಹಿಂಜರಿದರು. ತಂದೆತಾಯಿಗಳ ರಕ್ತ ಬಿದ್ದ ನೆಲ ಅದು. ಪ್ರಧಾನಿ ನೆಹರೂ ಒಡಂಬಡಿಸಿದ ಮೇಲೆ ಹೋದರು, ಅಬ್ದುಲ್ ಖಾಲಿಕ್‌ರನ್ನು ಓಟದಲ್ಲಿ ಹಿಂದೆ ಹಾಕಿದರು, ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರಿಂದಲೇ 'ಹಾರುವ ಸಿಖ್' ಎನಿಸಿಕೊಂಡರು. ಬಿರುದು ಎಲ್ಲರಿಗೂ ನೆನಪಿದೆ. ಅದರ ಹಿಂದಿದ್ದ ಹಿಂಜರಿಕೆ ಎಷ್ಟು ಜನಕ್ಕೆ ನೆನಪಿದೆ? ನಮ್ಮಲ್ಲೂ 1962, 1965, 1971ರ ಯುದ್ಧಗಳನ್ನು ಕಂಡು ಬಂದು, ಮನೆಯಲ್ಲಿ ಆ ವಿಷಯವನ್ನೇ ಎತ್ತದೆ ಬಾಳಿದವರಿದ್ದಾರೆ. ಮಕ್ಕಳು ಅದನ್ನು ಒರಟುತನವೆಂದೋ ನಿರಾಸಕ್ತಿಯೆಂದೋ ಎಣಿಸಿದ್ದುಂಟು. ಮಾತಿನಷ್ಟೇ ಮೌನವನ್ನೂ ತಂದೆಯ ಬದುಕಿನ ಭಾಗವೆಂದು ಒಪ್ಪಿಕೊಂಡಾಗ ಸ್ಮರಣೆ ಪೂರ್ಣವಾಗುತ್ತದೆ.

ಈಗ ಅನುಕರಣೆಯ ಪ್ರಶ್ನೆ. ತಂದೆಯಂತೆಯೇ ಆಗುವುದು ಮಕ್ಕಳ ಕರ್ತವ್ಯವೆ? ಮಿಲ್ಖಾ ಸಿಂಗರ ಪತ್ನಿ ನಿರ್ಮಲ್ ಕೌರ್ ಭಾರತದ ಮಹಿಳಾ ವಾಲಿಬಾಲ್ ತಂಡದ ನಾಯಕಿಯಾಗಿದ್ದವರು. ಗಂಡಹೆಂಡಿರಿಬ್ಬರೂ ಕ್ರೀಡಾಪಟುಗಳು. ಆದರೂ ಮಗ ಆಟದ ದಾರಿ ಹಿಡಿಯದೆ ಓದಿ ಬೇರೆ ವೃತ್ತಿಗೆ ಹೋಗಲಿ ಎಂದೇ ಅವರ ಆಸೆಯಿತ್ತೆಂದು ಮಿಲ್ಖಾ ಸಿಂಗರು ಹೇಳಿಕೊಂಡಿದ್ದರು. ತಾವು ನಡೆದ ಮುಳ್ಳುದಾರಿ ಮಕ್ಕಳಿಗೆ ಬೇಡವೆಂಬುದು ಕಷ್ಟ ಕಂಡ ತಂದೆಯ ಸಹಜವಾದ ಆಸೆ. ಮಗ ಜೀವ್ ಆ ಮಾತನ್ನು ಅರ್ಧ ಕೇಳಿದರು, ಅರ್ಧ ಮೀರಿದರು. ಕ್ರೀಡೆಗೇ ಹೋದರು, ಆದರೆ ತಂದೆಯ ಓಟಕ್ಕಲ್ಲ, ಗಾಲ್ಫ್ ಆಟಕ್ಕೆ. ಯೂರೋಪಿನ ವೃತ್ತಿಪರ ಗಾಲ್ಫ್ ಸರಣಿಯಲ್ಲಿ ಹಲವು ಗೆಲುವು ಕಂಡು 2007ರಲ್ಲಿ ಪದ್ಮಶ್ರೀ ಪಡೆದರು. ತಂದೆಗೆ ಅದೇ ಗೌರವ ಸಿಕ್ಕಿದ್ದು 1959ರಲ್ಲಿ.

ಇದಕ್ಕೆ ಎದುರಾಗಿ ನಮ್ಮವರೇ ಆದ ಇನ್ನೊಬ್ಬ ತಂದೆಯನ್ನು ನೋಡೋಣ. ಸಿಪಾಯಿಗಿರಿಯನ್ನೂ ಆಟವನ್ನೂ ಒಟ್ಟಿಗೆ ಉಸಿರಾಡುವ ನಾಡೆಂದರೆ ಕೊಡಗು. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಆರಂಭಿಸಿದ ಹಾಕಿ ಉತ್ಸವದಲ್ಲಿ ತಂಡಗಳು ಊರಿನ ಹೆಸರಿನಲ್ಲಿ ಆಡುವುದಿಲ್ಲ. ಮನೆತನದ ಹೆಸರಿನಲ್ಲಿ ಆಡುತ್ತವೆ. ಹಿರಿಯರ ಹೆಸರನ್ನು ಉಳಿಸಲು ಅದೂ ಒಂದು ಚಂದದ ದಾರಿ. ಆ ನಾಡಿನ ಕೊಡಂದೇರ ಕಾರ್ಯಪ್ಪನವರು 1949ರ ಜನವರಿ 15ರಂದು ಭಾರತೀಯ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಎಳೆವಯಸ್ಸಿನಲ್ಲಿ ಹಾಕಿ, ಟೆನಿಸ್ ಎರಡನ್ನೂ ಆಡಿದವರು. ಅವರ ಮಗ ನಂದಾ ಕಾರ್ಯಪ್ಪ ವಾಯುಸೇನೆಯ ಚಾಲಕ. 1965ರ ಯುದ್ಧದ ಕೊನೆಯ ಹೊತ್ತಿಗೆ ಅವರ ವಿಮಾನ ಉರುಳಿ ಪಾಕಿಸ್ತಾನದಲ್ಲಿ ಸೆರೆಯಾದರು. ಅಯೂಬ್ ಖಾನರು ಒಂದು ಕಾಲಕ್ಕೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಮಗನಿಗೆ ವಿಶೇಷ ಅನುಕೂಲ ಮಾಡಿಕೊಡಲು ಸಿದ್ಧವೆಂದು ಅವರಿಂದ ಸಂದೇಶ ಬಂದಾಗ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಯೋಧರೂ ತಮ್ಮ ಮಕ್ಕಳೇ, ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ ಎಂಬರ್ಥದ ಉತ್ತರ ಕಳಿಸಿದ್ದು ಪ್ರಸಿದ್ಧವಾಗಿದೆ.

ಒಬ್ಬ ತಂದೆ ಮಗನನ್ನು ತನ್ನ ಕಷ್ಟದಿಂದ ದೂರವಿಡಬಯಸಿದ. ಇನ್ನೊಬ್ಬ ತಂದೆ ಮಗನಿಗೆ ಬಂದ ಕಷ್ಟವನ್ನು ತಗ್ಗಿಸುವ ಅವಕಾಶ ಸಿಕ್ಕಾಗಲೂ ಬಳಸಿಕೊಳ್ಳಲಿಲ್ಲ. ಯಾರು ಸರಿ? ಮಗನ ಪರವಾಗಿ ಬೇಡವೆನ್ನಲು ತಂದೆಗೆ ಏನು ಅಧಿಕಾರವೆಂದು ಕೇಳುವವರೂ ಇದ್ದಾರು. ಆದರೆ ಆ ಸೆರೆಮನೆಯಲ್ಲಿದ್ದ ಉಳಿದ ಯೋಧರ ತಂದೆಯರಿಗೆ ಅಧ್ಯಕ್ಷರ ಪರಿಚಯವಿರಲಿಲ್ಲವೆಂಬುದನ್ನು ನೆನೆದರೆ ಕಾರ್ಯಪ್ಪನವರ ನಿಲುವಿನ ನ್ಯಾಯ ಕಾಣುತ್ತದೆ. ಇನ್ನೊಬ್ಬರ ಪಾಲನ್ನು ದಾಟಿ ಮಗನಿಗೆ ಸುಖ ಕೊಡಿಸಲು ಅವರು ಒಪ್ಪಲಿಲ್ಲ. ಮಿಲ್ಖಾ ಸಿಂಗರು ಮಗನಿಗಾಗಿ ಬಯಸಿದ ಸುಖ ಯಾರ ಪಾಲಿನದೂ ಆಗಿರಲಿಲ್ಲ. ಆದ್ದರಿಂದ ಈ ಇಬ್ಬರು ತಂದೆಯರು ಒಂದೇ ಧರ್ಮದ ಎರಡು ಮುಖ. ನಂದಾ ಕಾರ್ಯಪ್ಪನವರು ಮುಂದೆ ಏರ್ ಮಾರ್ಷಲ್ ಆಗಿ ನಿವೃತ್ತರಾದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ತಂದೆಯ ಆ ನಿರ್ಧಾರ ಮಗನ ಗೌರವವನ್ನು ಕುಗ್ಗಿಸಲಿಲ್ಲವೆಂಬುದು ಸ್ಪಷ್ಟ.

ಅನುಕರಣೆಯ ವಿಷಯದಲ್ಲಿ ನಮ್ಮ ಗಾದೆಯೂ ಎಚ್ಚರಿಕೆ ಕೊಟ್ಟಿದೆ: ಅಪ್ಪ ನೆಟ್ಟ ಆಲದಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು. ಮರವನ್ನು ಕಡಿಯಿರೆಂದು ಗಾದೆ ಹೇಳುವುದಿಲ್ಲ. ನೆರಳಿನಲ್ಲಿ ಕೂಡಿರಿ, ಕೊರಳು ಒಡ್ಡಬೇಡಿರಿ ಎನ್ನುತ್ತದೆ. ತಂದೆ ಬ್ಯಾಂಕಿನಲ್ಲಿದ್ದರೆಂದು ಮಗಳೂ ಬ್ಯಾಂಕಿಗೆ, ತಂದೆ ಎಂಜಿನಿಯರೆಂದು ಮಗನೂ ಎಂಜಿನಿಯರಿಂಗಿಗೆ ಹೋಗಲೇಬೇಕೆಂದು ಹಟ ಹಿಡಿಯುವವರು ಈ ನೆರಳಿಗೂ ಕೊರಳಿಗೂ ಇರುವ ಅಂತರವನ್ನು ಗಮನಿಸಬೇಕು.

ಹಾಗಾದರೆ ತಂದೆಯ ಕಷ್ಟ ನಮಗೆ ಯಾವ ರೂಪದಲ್ಲಿ ಬರಬೇಕು? ಸಾಮಾನ್ಯವಾಗಿ ನಾವು ಅದನ್ನು ಎರಡು ರೀತಿಯಲ್ಲಿ ಬಳಸುತ್ತೇವೆ. ಮೊದಲನೆಯದು ಒಡವೆಯಂತೆ. ನಾಲ್ಕು ಜನರ ಮುಂದೆ ತೊಟ್ಟು ತೋರಿಸುತ್ತೇವೆ. "ನಮ್ಮ ತಂದೆ ಬೀದಿದೀಪದ ಕೆಳಗೆ ಓದಿದವರು" ಎಂದಾಗ ಆ ದೀಪದ ಬೆಳಕು ನಮ್ಮ ಮುಖದ ಮೇಲೂ ಬೀಳಲಿ ಎಂಬ ಆಸೆ ಇರುತ್ತದೆ. ಎರಡನೆಯದು ಬೆತ್ತದಂತೆ. ಮಗು ತಟ್ಟೆಯಲ್ಲಿ ಅನ್ನ ಬಿಟ್ಟರೆ, ಅಂಕ ಕಡಿಮೆ ತಂದರೆ, ಅಜ್ಜನ ಹಸಿವನ್ನೆತ್ತಿ ಬಡಿಯುತ್ತೇವೆ. ಇವೆರಡರಲ್ಲೂ ಒಂದು ಸತ್ಯ ಮರೆತುಹೋಗುತ್ತದೆ. ನಾವು ಹಸಿಯದಿರಲಿ ಎಂದೇ ಅವರು ದುಡಿದರು. ಯಯಾತಿ ತನ್ನ ಮುಪ್ಪನ್ನು ಮಗನಿಗೆ ಕೊಟ್ಟು ಅವನ ಯೌವನವನ್ನು ತಾನು ಪಡೆದ. ನಮ್ಮ ತಂದೆಯರು ಇದರ ತದ್ವಿರುದ್ಧ. ತಮ್ಮ ಯೌವನವನ್ನು ಮಕ್ಕಳಿಗೆ ಕೊಟ್ಟು ತಾವು ಬೇಗ ಮುದುಕರಾದರು. ಹಾಗೆ ಪಡೆದ ಯೌವನವನ್ನು ಮಕ್ಕಳು ನಾಚಿಕೆಯಿಂದ, ತಪ್ಪಿತಸ್ಥರಂತೆ ಅನುಭವಿಸಬೇಕಾಗಿಲ್ಲ. ಕಷ್ಟವೆಂಬುದು ತಾನಾಗಿಯೇ ಒಳ್ಳೆಯದೂ ಅಲ್ಲ. ನಿರಾಶ್ರಿತರ ಶಿಬಿರದಿಂದ ಒಬ್ಬ ಮಿಲ್ಖಾ ಎದ್ದುಬಂದರೆ, ಅಂಥ ಶಿಬಿರಗಳಲ್ಲಿ ನಲುಗಿಹೋದ ಮಕ್ಕಳಿಗೆ ಲೆಕ್ಕವಿಲ್ಲ.

ಇನ್ನು ಆರಂಭದಲ್ಲಿ ಹೇಳಿದ ಆ ಮಾತಿಗೆ ಬರೋಣ: ಯಾರ ಹಂಗೂ ಇಲ್ಲದೆ ಎಲ್ಲವನ್ನೂ ಮಾಡಿದರು ಎಂಬುದು. ಇದು ಹೊಗಳಿಕೆಯಾಗಿ ಚೆಂದ, ಸಂಗತಿಯಾಗಿ ಸುಳ್ಳು. ಮಿಲ್ಖಾ ಸಿಂಗರ ಬದುಕಿನಿಂದ ಒಡವೆ ಮಾರಿದ ಅಕ್ಕನನ್ನು ತೆಗೆದುಬಿಡಿ, ಅವರು ಇನ್ನೆಷ್ಟು ದಿನ ಜೈಲಿನಲ್ಲಿರಬೇಕಾಗಿತ್ತೋ. ಸೈನ್ಯಕ್ಕೆ ಹಚ್ಚಿದ ಅಣ್ಣನನ್ನು ತೆಗೆದುಬಿಡಿ, ಸಿಕಂದರಾಬಾದಿಲ್ಲ. ಅಲ್ಲಿ ಓಟ ಕಲಿಸಿದ ಹವಾಲ್ದಾರ್ ಗುರುದೇವ್ ಸಿಂಗರನ್ನು, ಆ ಒಂದು ಲೋಟ ಹಾಲನ್ನು ತೆಗೆದುಬಿಡಿ, ಓಟಗಾರನಿಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅನುಭವವಿಲ್ಲದೆ ಸೋತಾಗ, 400 ಮೀಟರಿನ ಚಿನ್ನ ಗೆದ್ದ ಅಮೆರಿಕದ ಚಾರ್ಲ್ಸ್ ಜೆಂಕಿನ್ಸ್ ತನ್ನ ಅಭ್ಯಾಸದ ಕ್ರಮವನ್ನೇ ಈ ಪರದೇಶದ ಸಿಪಾಯಿಗೆ ಹೇಳಿಕೊಟ್ಟರು. ನಾಳೆ ತನಗೇ ಎದುರಾಳಿಯಾಗಬಹುದಾದವನಿಗೆ! ಒಬ್ಬ ಮನುಷ್ಯ ಸ್ವಂತ ಕಾಲಿನ ಮೇಲೆ ನಿಲ್ಲುವುದಕ್ಕೆ ಎಷ್ಟು ಜನರ ಕೈ ಬೇಕಾಗುತ್ತದೆಂಬುದಕ್ಕೆ ಇದೇ ಲೆಕ್ಕ.

ನಮ್ಮ ಮನೆಗಳ ಕಥೆಯನ್ನೂ ಹೀಗೆಯೇ ಬಿಡಿಸಿ ನೋಡಬೇಕು. ಊರಿಂದ ಬಂದವನಿಗೆ ವಠಾರದ ಪಡಸಾಲೆಯಲ್ಲಿ ಮಲಗಲು ಜಾಗ ಕೊಟ್ಟ ದೂರದ ಸಂಬಂಧಿಕರು. ಮೊದಲ ಸಂಬಳ ಬರುವತನಕ ಊಟದ ಲೆಕ್ಕ ಬರೆದಿಟ್ಟುಕೊಂಡ ಹೋಟೆಲಿನ ಯಜಮಾನರು. ಭಾಷೆ ಬಾರದ ಹೊಸಬನಿಗೆ ಉರ್ದುವನ್ನೋ ತೆಲುಗನ್ನೋ ನಾಲ್ಕು ಮಾತು ಕಲಿಸಿ ಬಾಡಿಗೆ ಮನೆ ಹುಡುಕಿಕೊಟ್ಟ ನೆರೆಯವರು. ಗಂಡ ಗಡಿಯಲ್ಲಿದ್ದ ವರ್ಷಗಳಲ್ಲಿ ಒಬ್ಬಳೇ ಮಕ್ಕಳನ್ನು ಸಾಕಿ, ಮುಂದೆ ಆ ಮಕ್ಕಳು ತಂದೆಯ ಗುಣಗಾನ ಮಾಡುವಾಗ ಅಡಿಗೆಮನೆಯಲ್ಲಿ ಪಾಯಸ ಕದಡುತ್ತಿದ್ದ ತಾಯಿ. ಇವರೆಲ್ಲರ ಹೆಸರನ್ನು ಬಿಟ್ಟು ತಂದೆಯೊಬ್ಬರನ್ನೇ ನೆನೆದರೆ ಅವರನ್ನು ದೊಡ್ಡವರನ್ನಾಗಿ ಮಾಡಿದಂತಾಗುವುದಿಲ್ಲ, ಒಂಟಿಯಾಗಿ ಮಾಡಿದಂತಾಗುತ್ತದೆ.

ತಂದೆ ಹೀಗೆ ಅನೇಕರ ಋಣದಲ್ಲಿ ಬೆಳೆದವರೆಂದ ಮೇಲೆ ನಮ್ಮ ಪಿತೃಋಣದಲ್ಲಿ ಆ ಋಣವೂ ಸೇರಿದೆ. ನಮ್ಮ ಪೂರ್ವಿಕರು ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆಂದರು: ದೇವಋಣ, ಋಷಿಋಣ, ಪಿತೃಋಣ. ಪಿತೃಋಣ ತೀರುವುದು ಹೇಗೆ? ಸಂತತಿಯಿಂದ, ಅಂದರೆ ಮುಂದಿನವರನ್ನು ಬೆಳೆಸುವುದರಿಂದ ಎಂದರು. ಪಡೆದದ್ದು ಹಿಂದಿನವರಿಂದ, ಸಲ್ಲಿಸುವುದು ಮುಂದಿನವರಿಗೆ. ಮಿಲ್ಖಾ ಸಿಂಗರು ಇದನ್ನು ನಡೆದು ತೋರಿಸಿದರು. 1999ರ ಕಾರ್ಗಿಲ್ ಕದನದಲ್ಲಿ ಟೈಗರ್ ಹಿಲ್ಲಿನಲ್ಲಿ ಮಡಿದ ಹವಾಲ್ದಾರ್ ಬಿಕ್ರಂ ಸಿಂಗರ ಏಳು ವರ್ಷದ ಮಗನ ಹೊಣೆಯನ್ನು ಹೊತ್ತರು. 2003ರಲ್ಲಿ ಬಡ ಕ್ರೀಡಾಪಟುಗಳಿಗಾಗಿ ಒಂದು ಧರ್ಮನಿಧಿ ಸ್ಥಾಪಿಸಿದರು. ಗೆದ್ದ ಪದಕಗಳನ್ನು ದೇಶಕ್ಕೆ ಒಪ್ಪಿಸಿಬಿಟ್ಟರು. ಅವು ಪಟಿಯಾಲದ ಕ್ರೀಡಾ ಸಂಗ್ರಹಾಲಯ ಸೇರಿದವು. ಒಬ್ಬ ಹವಾಲ್ದಾರ ಓಟ ಕಲಿಸಿದ್ದ. ಇನ್ನೊಬ್ಬ ಹವಾಲ್ದಾರನ ಮಗ ಮನೆಯವನಾದ. ಋಣ ಸಂದಾಯವಾಗುವ ರೀತಿ ಇದು.

ಈ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿಕೊಂಡರೆ ಕಾಣುವುದು ಸ್ವಲ್ಪ ಇರುಸುಮುರುಸಿನ ನೋಟ. ಟ್ರಂಕು ಹಿಡಿದು ಬಂದ ತಂದೆ ಕೇವಲ ಭಾವಚಿತ್ರದಲ್ಲಿಲ್ಲ. ಅವನು ಇವತ್ತೂ ಈ ನಗರಕ್ಕೆ ಬರುತ್ತಿದ್ದಾನೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿಗಳಿಂದ, ಮಳೆ ಕೈಕೊಟ್ಟ ವರ್ಷ ಹೆಂಡತಿ ಮಕ್ಕಳೊಂದಿಗೆ ಬಂದು, ಬಹುಮಹಡಿ ಕಟ್ಟಡಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕಿಕೊಂಡು ಇಟ್ಟಿಗೆ, ಮರಳು ಹೊರುತ್ತಿದ್ದಾನೆ. ಟ್ರಂಕಿನ ಬದಲು ಪ್ಲಾಸ್ಟಿಕ್ ಚೀಲ, ಅಷ್ಟೇ ವ್ಯತ್ಯಾಸ. ಗಚ್ಚಿಬೌಲಿ, ಕೊಂಡಾಪುರಗಳ ಎತ್ತರದ ಮನೆಗಳಲ್ಲಿ ನಮ್ಮ ಮಕ್ಕಳು ಇರುತ್ತಾರೆ. ಆ ಮನೆಗಳ ಬುನಾದಿ ತೋಡಿದವರಲ್ಲಿ ಕನ್ನಡ ಮಾತಾಡುವವರೂ ಇರುತ್ತಾರೆ. ನಾವು ಸಭೆ ಸಮಾರಂಭಗಳಲ್ಲಿ 'ನಮ್ಮವರು' ಎನ್ನುವಾಗ ಆ ಮಾತಿನಲ್ಲಿ ಇವರು ಸೇರಿದ್ದಾರೆಯೆ?

ಅದು ಸರಕಾರದ ಕೆಲಸ, ಅವರವರ ಸಂಸಾರ ನೋಡಿಕೊಂಡರೆ ಸಾಕು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆ, ಶಾಲೆ, ಕೂಲಿಯ ಕಾನೂನು ಇವೆಲ್ಲ ಸರಕಾರ ಮಾಡಬೇಕಾದದ್ದೇ. ಆದರೆ ನಮ್ಮ ತಂದೆಗೆ ಪಡಸಾಲೆಯಲ್ಲಿ ಜಾಗ ಕೊಟ್ಟವರು ಸರಕಾರದವರಾಗಿರಲಿಲ್ಲ. ಅವರೂ 'ನಮ್ಮ ಸಂಸಾರ ನಮಗೆ ಸಾಕು' ಎಂದಿದ್ದರೆ ನಾವು ಇಂದು ಈ ಪತ್ರಿಕೆ ಓದುತ್ತ ಕೂಡುತ್ತಿರಲಿಲ್ಲ. ದೊಡ್ಡ ಕೆಲಸವೇ ಆಗಬೇಕೆಂದಿಲ್ಲ. ಆ ಗುಡಿಸಲಿನ ಮಕ್ಕಳಲ್ಲಿ ಒಂದಿಬ್ಬರನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗಿ ಮಾತಾಡುವುದು, ಆಸ್ಪತ್ರೆಯ ಸಾಲಿನಲ್ಲಿ ತೆಲುಗು ಬಾರದ ತಾಯಿಯ ಪಕ್ಕ ನಿಲ್ಲುವುದು, ಮೇಸ್ತ್ರಿ ಕೂಲಿ ಹಿಡಿದಿಟ್ಟುಕೊಂಡಾಗ ಎರಡು ಮಾತು ಕೇಳುವುದು, ಇವು ನಮ್ಮ ಕೈಗೆಟುಕುವ ಒಂದು ಲೋಟ ಹಾಲು.

ಸಾರಾಂಶವಾಗಿ ಹೇಳುವುದಾದರೆ, ತಂದೆಯ ಕಷ್ಟ ನಮ್ಮ ಆಸ್ತಿಯಲ್ಲ. ಅದು ನಮ್ಮ ಮೇಲಿರುವ ಸಾಲ, ಮತ್ತು ಅದನ್ನು ವಸೂಲು ಮಾಡಲು ಬರುವವನು ನಮಗೆ ಪರಿಚಯವಿಲ್ಲದ ಹೊಸಬ. ಆಸ್ತಿಯೆಂದುಕೊಂಡವರು ಬೀಗ ಹಾಕಿ ಕಾಯುತ್ತಾರೆ. ಸಾಲವೆಂದುಕೊಂಡವರು ಬಾಗಿಲು ತೆರೆದಿರುತ್ತಾರೆ.

ಕೊನೆಯದಾಗಿ ಓದುಗರಲ್ಲಿ ಒಂದು ವಿನಂತಿ. ತಂದೆತಾಯಿ ಇನ್ನೂ ಜೊತೆಯಲ್ಲಿರುವ ಭಾಗ್ಯವಂತರು ತಡಮಾಡದೆ ಅವರ ಹತ್ತಿರ ಕುಳಿತು ಕೇಳಿರಿ. ಮಿಲ್ಖಾ ಸಿಂಗರ ಆತ್ಮಕಥೆ 2013ರಲ್ಲಿ ಹೊರಬಂದದ್ದು ಮಗಳು ಸೋನಿಯಾ ಜೊತೆಗೂಡಿ ಬರೆದದ್ದರಿಂದ. ನಮ್ಮ ಹಿರಿಯರ ಕಥೆ ಪುಸ್ತಕವಾಗಬೇಕಿಲ್ಲ; ಒಂದು ನೋಟುಬುಕ್ಕು ಸಾಕು, ಕನ್ನಡದಲ್ಲಿದ್ದರೆ ಇನ್ನೂ ಲೇಸು. ಎಷ್ಟು ಗೆದ್ದಿರಿ ಎಂದಷ್ಟೇ ಕೇಳಬೇಡಿ. ಎಲ್ಲಿ ಸೋತಿರಿ, ಯಾವುದಕ್ಕೆ ಹೆದರಿದಿರಿ, ಈ ಊರಿನಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಮೊದಲ ಊಟ ಯಾರು ಹಾಕಿದರು ಎಂದು ಕೇಳಿರಿ. ಊಟ ಹಾಕಿದವರ ಹೆಸರನ್ನು ತಪ್ಪದೆ ಬರೆದಿಟ್ಟುಕೊಳ್ಳಿರಿ. ಅವರ ಮಕ್ಕಳು ಈಗ ಎಲ್ಲಿದ್ದಾರೆಂದು ವಿಚಾರಿಸಿರಿ. ತಿಥಿಯ ದಿನ ಎಡೆ ಇಡುವಾಗ, ಆ ಹೆಸರನ್ನೂ ಒಮ್ಮೆ ಗಟ್ಟಿಯಾಗಿ ಹೇಳಿರಿ.